ಹನ್ನೊಂದು ತಿಂಗಳ ಬಡವ

ಲಾಂಡ್ರಿಯ ಯಜಮಾನ ಹನ್ನೊಂದು ತಿಂಗಳು ಸಾಹುಕಾರ, ಮುಂದಿನ ಹನ್ನೊಂದು ತಿಂಗಳು ಬಡವ. ಹನ್ನೆರಡು ವರ್ಷಗಳಿಂದ ಹೀಗೇ ನಡೆದಿತ್ತು. ವ್ಯಾಪಾರದ ಏರಿಳಿತಕ್ಕೂ ಇದಕ್ಕೂ ಸಂಬಂಧವಿರಲಿಲ್ಲ. ಹೋಟೆಲುಗಳ ಹಾಸುಬಟ್ಟೆ, ಆಸ್ಪತ್ರೆಗಳ ಹೊದಿಕೆ, ದಿನಕ್ಕೆ ಎಂಟುನೂರು ಬಟ್ಟೆ ತಪ್ಪದೆ ಬರುತ್ತಿದ್ದವು, ತಪ್ಪದೆ ಮಡಿಕೆಯಾಗಿ ಹೋಗುತ್ತಿದ್ದವು. ಬದಲಾಗುತ್ತಿದ್ದದ್ದು ಬ್ಯಾಂಕಿನ ಪಾಸ್‌ಬುಕ್ಕಿನ ಮೇಲಿನ ಹೆಸರು ಮಾತ್ರ.

ಧರ್ಮದ ಲೆಕ್ಕ ಕಷ್ಟದ್ದಲ್ಲ. ವಾಸದ ಮನೆಗೆ, ದುಡಿಯುವ ಯಂತ್ರಕ್ಕೆ ಝಕಾತ್ ಇಲ್ಲ. ಖರ್ಚು ಕಳೆದು ಕೂಡಿಟ್ಟ ಹಣ ಒಂದು ಮಿತಿ ದಾಟಿ, ಒಬ್ಬರ ಕೈಯಲ್ಲೇ ಪೂರ್ತಿ ಒಂದು ವರ್ಷ ಉಳಿದರೆ, ಅದರ ನಲವತ್ತರಲ್ಲಿ ಒಂದು ಪಾಲು ಬಡವರದು. ಅದು ಕೊಡುವವನ ದೊಡ್ಡತನವಲ್ಲ, ತೆಗೆದುಕೊಳ್ಳುವವರ ಹಕ್ಕು. ಯಜಮಾನನಿಗೆ ಇದೆಲ್ಲ ಚೆನ್ನಾಗಿ ಗೊತ್ತು, ಅವನು ಮಸೀದಿ ಕಮಿಟಿಯ ಖಜಾಂಚಿ. ಗೊತ್ತಿದ್ದದ್ದರಿಂದಲೇ, ವರ್ಷ ತುಂಬಲು ಒಂದು ತಿಂಗಳಿರುವಾಗ ಇಡೀ ಹಣವನ್ನು ಹೆಂಡತಿಗೆ ದಾನ ಮಾಡಿಬಿಡುತ್ತಿದ್ದ. ಮತ್ತೆ ಹನ್ನೊಂದು ತಿಂಗಳಿಗೆ ಅವಳು ಅವನಿಗೆ ದಾನ ಮಾಡಬೇಕು. ಯಾರ ಕೈಯಲ್ಲೂ ವರ್ಷ ತುಂಬುವುದಿಲ್ಲ, ಯಾರ ಮೇಲೂ ಪಾಲಿನ ಭಾರ ಬೀಳುವುದಿಲ್ಲ. ಈ ವಿದ್ಯೆಯನ್ನು ಹೇಳಿಕೊಟ್ಟವನು ಒಬ್ಬ ಬಟ್ಟೆ ವ್ಯಾಪಾರಿ. ಬಾಯಿಮಾತಿನಲ್ಲಿ ಮುಗಿಯುತ್ತಿದ್ದ ಕೆಲಸವನ್ನು ನಮ್ಮ ಯಜಮಾನ ಇನ್ನಷ್ಟು ಬಿಗಿ ಮಾಡಿದ. ಛಾಪಾ ಕಾಗದದ ಮೇಲೆ ದಾನಪತ್ರ ಬರೆಸಿ ಇಬ್ಬರು ಸಾಕ್ಷಿಗಳ ರುಜು ಹಾಕಿಸುತ್ತಿದ್ದ. ದೇವರು ಚಾಪೆ ಕೆಳಗೆ ತೂರಿದರೆ ತಾನು ರಂಗೋಲಿ ಕೆಳಗೆ ತೂರುವ ಆಸಾಮಿ.

ಆ ಮನೆಯಲ್ಲಿ ಝಕಾತ್ ತೆಗೆದುಕೊಳ್ಳುವ ಹಕ್ಕಿದ್ದವರನ್ನು ಹುಡುಕಿಕೊಂಡು ಬೀದಿಗೆ ಹೋಗಬೇಕಿರಲಿಲ್ಲ. ಅವನ ಸ್ವಂತ ತಂಗಿ ಹಿಂದಿನ ಕೋಣೆಯಲ್ಲಿದ್ದಳು. ಗಂಡ ಸತ್ತ ಮೇಲೆ ಒಂದು ಟ್ರಂಕು ಹಿಡಿದು ಬಂದವಳು, ಆರು ವರ್ಷಗಳಿಂದ ಲಾಂಡ್ರಿಯಲ್ಲಿ ಸಂಬಳವಿಲ್ಲದೆ ದುಡಿಯುತ್ತಿದ್ದಳು. ಒದ್ದೆ ಹಾಸುಗಳನ್ನು ಎರಡು ಬಿಸಿ ಉರುಳೆಗಳ ನಡುವೆ ತೂರಿಸುವ ದೊಡ್ಡ ಇಸ್ತ್ರಿ ಯಂತ್ರ ಅವಳದು. ಬೆರಳು ಒಳಗೆ ಹೋಗದಂತೆ ಅದಕ್ಕೊಂದು ತಡೆಪಟ್ಟಿ ಇತ್ತು. ಅದರಿಂದ ಕೆಲಸ ನಿಧಾನವಾಗುತ್ತದೆಂದು ಯಜಮಾನ ಬಿಚ್ಚಿಸಿದ. ಹದಿನಾಲ್ಕು ತಿಂಗಳ ಹಿಂದೆ ಹಾಸಿನ ಜೊತೆ ಅವಳ ಬಲಗೈಯೂ ಒಳಗೆ ಹೋಯಿತು. ಗಾಯ ಒಣಗಿತು, ಚರ್ಮ ಬಿಗಿಯಿತು, ಐದೂ ಬೆರಳು ಅಂಗೈಗೆ ಮಡಚಿಕೊಂಡು ನಿಂತವು.

ಆ ದಿನ ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕೂತಿದ್ದರು. ಅನ್ನ, ಬೇಳೆ, ಬೇಯಿಸಿದ ಮೊಟ್ಟೆ. ತಂಗಿ ಎಡಗೈಯಲ್ಲಿ ತಿನ್ನುತ್ತಿದ್ದಳು.

"ಡಾಕ್ಟರು ಏನಂದ್ರೆ?" ಎಂದು ಯಜಮಾನನ ತಾಯಿ ಕೇಳಿದಳು. ಮುದುಕಿಗೆ ಎಪ್ಪತ್ತೆಂಟು, ಕಣ್ಣು ಮಂದ, ಕಿವಿ ಚುರುಕು.

ತಂಗಿ ತಟ್ಟೆ ನೋಡಿಕೊಂಡೇ ಹೇಳಿದಳು: "ಆಪರೇಷನ್ ಮಾಡಿದ್ರೆ ಬೆರಳು ಬಿಚ್ಚುತ್ತಂತೆ. ಎಪ್ಪತ್ತು ಸಾವಿರ ಆಗುತ್ತಂತೆ. ತಡ ಆದಷ್ಟೂ ಕೀಲು ಕೂತುಬಿಡುತ್ತಂತೆ, ಈ ತಿಂಗಳೊಳಗೆ ಬನ್ನಿ ಅಂದ್ರು."

"ಎಪ್ಪತ್ತು ಸಾವಿರ," ಎಂದ ಯಜಮಾನ, ಮೊಟ್ಟೆ ಸುಲಿಯುತ್ತ. "ನನ್ನ ಹತ್ರ ಈಗ ಏನಿದೆ? ಎಲ್ಲಾ ನಿಮ್ಮ ಅತ್ತಿಗೆ ಹೆಸರಲ್ಲಿದೆ."

"ಹಾಗಾದ್ರೆ ನಾನು ತೆಗೆದು ಕೊಡ್ಲಾ?" ಎಂದಳು ಹೆಂಡತಿ.

"ನಿನ್ನ ಹೆಸರಲ್ಲಿದ್ದ ಮಾತ್ರಕ್ಕೆ ನಿನ್ನದಾಗಿಬಿಡ್ತಾ?"

ಹೀಗಿತ್ತು ಅವನ ನ್ಯಾಯ. ತಂಗಿ ಕೇಳಿದರೆ ದುಡ್ಡು ಹೆಂಡತಿಯದು, ಹೆಂಡತಿ ಕೇಳಿದರೆ ದುಡ್ಡು ತನ್ನದು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

"ಕೈ ಸುಟ್ಟಿದ್ದು ನಮ್ಮ ಯಂತ್ರದಲ್ಲಿ," ಎಂದಳು ಹೆಂಡತಿ. "ಪಟ್ಟಿ ಬಿಚ್ಚಿಸಿದ್ದು ನೀವು."

"ಆರು ವರ್ಷದಿಂದ ಅವಳಿಗೆ ಊಟ, ಬಟ್ಟೆ, ತಲೆ ಮೇಲೆ ಸೂರು. ಅದೆಲ್ಲ ಆಕಾಶದಿಂದ ಉದುರ್ತಾ? ಕಮಿಟಿಯಲ್ಲಿ ಕೇಳಿದಾಗಲೂ ನಾನು ಹೇಳೋದು ಇದನ್ನೇ. ನನ್ನ ಝಕಾತ್ ಎಲ್ಲಾ ಮನೆಯಲ್ಲೇ ಹೋಗುತ್ತೆ, ವಿಧವೆ ತಂಗಿಗೆ."

ತಂಗಿ ಎದ್ದು ತಟ್ಟೆಗಳನ್ನು ಎಡಗೈಯಲ್ಲಿ ಒಂದರ ಮೇಲೊಂದು ಜೋಡಿಸಿ ಒಳಗೆ ಹೋದಳು. ಮುದುಕಿ ಮಗನಿದ್ದ ಕಡೆ ಮುಖ ತಿರುಗಿಸಿ, "ದೇವರು ನಿನ್ನ ಕೊಡೋ ಕೈಯನ್ನ ಯಾವಾಗಲೂ ಮೇಲಾಗಿಡ್ಲಿ" ಎಂದಳು. ಪಾಪ, ಅವಳು ನಂಬಿದ್ದಳು. ಮಗ ವರ್ಷವರ್ಷ ಪಾಲು ತೆಗೆಯುತ್ತಾನೆಂದೇ ತಿಳಿದಿದ್ದಳು.

ಆ ಸಲ ಹನ್ನೊಂದನೇ ತಿಂಗಳಿಗೆ ಹಣ ವಾಪಸು ಬರಬೇಕಿತ್ತು. ಆದರೆ ಬಾಯ್ಲರಿನ ಕೊಳವೆ ಒಡೆದು ಒಂದು ವಾರ ಹೋಯಿತು. ಹೊಸ ಹೋಟೆಲಿನ ಗುತ್ತಿಗೆಗಾಗಿ ಅಲೆದು ಇನ್ನೊಂದು ವಾರ. ಆಮೇಲೆ ಹೆಂಡತಿಯ ರುಜು ಹೊಂದುತ್ತಿಲ್ಲವೆಂದು ಬ್ಯಾಂಕಿನವರು ಅರ್ಜಿ ವಾಪಸು ಕಳಿಸಿದರು. ಯಜಮಾನ ಗಾಬರಿಯಾಗಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ವರ್ಷ ತುಂಬಲು ಇನ್ನೂ ಏಳು ದಿನವಿತ್ತು. ಸೋಮವಾರ ಹೋಗಿ ಮುಗಿಸಿದರಾಯಿತು ಎಂದುಕೊಂಡ.

ಶನಿವಾರ ಬೆಳಿಗ್ಗೆ ಹೆಂಡತಿ ಮತ್ತು ತಂಗಿ ಲಾಂಡ್ರಿಯ ಹಿಂದಿನ ಹಜಾರದಲ್ಲಿ ಹಾಸು ಮಡಿಸುತ್ತಿದ್ದರು. ದೊಡ್ಡ ಹಾಸು ಮಡಿಸಲು ಇಬ್ಬರು ಬೇಕು. ತಂಗಿ ತನ್ನ ತುದಿಯ ಒಂದು ಮೂಲೆಯನ್ನು ಎಡಗೈಯಲ್ಲಿ, ಇನ್ನೊಂದನ್ನು ಹಲ್ಲಿನಲ್ಲಿ ಹಿಡಿಯುತ್ತಿದ್ದಳು. ಮುದುಕಿ ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ದಿಂಬಿನ ಚೀಲ ಎಣಿಸುತ್ತಿದ್ದಳು. ಅವಳಿಗೊಂದು ಅಭ್ಯಾಸ. ಹೊಸ ಚಂದ್ರ ಕಂಡಾಗಲೆಲ್ಲ ಅಡುಗೆಮನೆಯ ಕಿಟಕಿ ಪಕ್ಕ ಇದ್ದಿಲಿನಿಂದ ಒಂದು ಗೆರೆ ಎಳೆಯುತ್ತಿದ್ದಳು. ಕಣ್ಣು ಮಂದವಾದ ಮೇಲೆ ಚಂದ್ರ ಕಂಡಿತೆಂದು ಯಾರಾದರೂ ಹೇಳಬೇಕು, ಗೆರೆ ಮಾತ್ರ ಅವಳೇ ಎಳೆಯಬೇಕು.

"ಸೋಮವಾರ ನಾನಿರಲ್ಲ, ಬ್ಯಾಂಕಿಗೆ ಹೋಗ್ಬೇಕು," ಎಂದಳು ಹೆಂಡತಿ. "ವರ್ಷ ತುಂಬೋದ್ರೊಳಗೆ ವಾಪಸ್ ಬರೆದುಕೊಡ್ಬೇಕಂತೆ."

"ಯಾವುದಕ್ಕೆ ವರ್ಷ?" ಎಂದಳು ಮುದುಕಿ.

ಹೆಂಡತಿ ಹೇಳಿದಳು. ಮುಚ್ಚಿಡಬೇಕೆಂದು ಅವಳಿಗೆ ಹೊಳೆಯಲೂ ಇಲ್ಲ. ಇಷ್ಟು ವರ್ಷ ಅದೊಂದು ಬ್ಯಾಂಕಿನ ಕೆಲಸ ಎಂದೇ ತಿಳಿದು ಹೇಳಿದ ಕಡೆ ರುಜು ಹಾಕಿದವಳು. ಹೇಳುತ್ತ ಹೇಳುತ್ತ ಅವಳ ಮಾತು ನಿಧಾನವಾಯಿತು.

ಮುದುಕಿ ಎಣಿಸುವುದನ್ನು ನಿಲ್ಲಿಸಿದ್ದಳು. "ಹೋದ ಸಲ ನಿನ್ನ ಹೆಸರಿಗೆ ಬಂದದ್ದು ಯಾವತ್ತು?"

"ಚಂದ್ರ ಕಂಡ ಮಾರನೇ ದಿನ. ಹಿಂದಿನ ಸಂಜೆ ತಾನೇ ನೀವು ಸುಣ್ಣ ಬಳಿದ ಗೋಡೆ ಮೇಲೆ ಮೊದಲ ಗೆರೆ ಎಳೆದು ಕೈ ತೊಳೆದಿದ್ರಿ."

"ಹೋಗಿ ಎಣಿಸಿ ಬಾ."

ಹೆಂಡತಿ ಹೋಗಿ ಎಣಿಸಿ ಬಂದಳು. ಆ ಗೆರೆಯಾದ ಮೇಲೆ ಹನ್ನೆರಡು ಗೆರೆಗಳಿದ್ದವು. ಹನ್ನೆರಡನೆಯದನ್ನು ಎಳೆದು ಐದು ದಿನವಾಗಿತ್ತು.

"ಧರ್ಮದ ವರ್ಷ ಚಂದ್ರನ ವರ್ಷ," ಎಂದಳು ಮುದುಕಿ. "ಗೋಡೆ ಕ್ಯಾಲೆಂಡರಿಗಿಂತ ಹತ್ತು ಹನ್ನೊಂದು ದಿನ ಮುಂಚೆ ಮುಗಿಯುತ್ತೆ. ಪ್ರತಿ ಸಲ ಒಂದು ತಿಂಗಳು ಮುಂಚೆಯೇ ಮುಗಿಸ್ತಿದ್ದವನಿಗೆ ಅದು ಮರೆತೇ ಹೋಗಿದೆ. ನಾಕು ದಿನದ ಹಿಂದೆಯೇ ತುಂಬಿತು. ಪಾಲು ಈಗ ನಿನ್ನ ಕುತ್ತಿಗೆ ಮೇಲಿದೆ." ಆಮೇಲೆ ಕೇಳಿದಳು: "ಎಷ್ಟು ವರ್ಷದಿಂದ ನಡೀತಿದೆ ಇದು?"

"ಹನ್ನೆರಡು."

ಮುದುಕಿ ತೊಡೆಯ ಮೇಲಿದ್ದ ಚೀಲಗಳನ್ನೆಲ್ಲ ನೆಲಕ್ಕೆ ತಳ್ಳಿದಳು. ತೊಳೆದ ಬಟ್ಟೆ ನೆಲಕ್ಕೆ ಬಿದ್ದರೆ ಮತ್ತೆ ತೊಳೆಯಬೇಕು, ಅವಳಿಗದು ಗೊತ್ತಿತ್ತು. ತಂಗಿ ಬಗ್ಗಿ ಒಂದೊಂದಾಗಿ ಹೆಕ್ಕತೊಡಗಿದಳು.

ಭಾನುವಾರ ಬೆಳಿಗ್ಗೆ ಚಹಾ ಕುಡಿಯುವಾಗ ಹೆಂಡತಿ ಗಂಡನಿಗೆ ಹೇಳಿದಳು. ಮೂವತ್ತಾರು ಲಕ್ಷಕ್ಕೆ ನಲವತ್ತಕ್ಕೊಂದರಂತೆ ತೊಂಬತ್ತು ಸಾವಿರ. ಅದನ್ನು ತೆಗೆಯದೆ ತಾನು ಬ್ಯಾಂಕಿಗೆ ಬರುವುದಿಲ್ಲ.

"ನಾಕು ದಿನಕ್ಕೆ ತೊಂಬತ್ತು ಸಾವಿರವಾ? ತಲೆ ನೆಟ್ಟಗಿದೆಯಾ ನಿನಗೆ?"

"ನಾಕು ದಿನಕ್ಕಲ್ಲ, ಒಂದು ವರ್ಷಕ್ಕೆ."

ಮಗಳು ಬ್ರೆಡ್ಡಿಗೆ ಬೆಣ್ಣೆ ಸವರುತ್ತ ನಡುವೆ ಬಾಯಿ ಹಾಕಿದಳು. ಕಾಲೇಜಿನಲ್ಲಿ ವಾಣಿಜ್ಯ ಓದುವ ಅವಳಿಗೆ ಅಪ್ಪನ ಜಾಣತನದ ಮೇಲೆ ಅಭಿಮಾನವಿತ್ತು. "ಅಮ್ಮ, ಇದರಲ್ಲಿ ತಪ್ಪೇನಿದೆ? ದೊಡ್ಡ ದೊಡ್ಡ ಕಂಪನಿಗಳು ತೆರಿಗೆಗೆ ಹೀಗೇ ಮಾಡೋದು. ನಿಯಮ ಮುರಿದಿಲ್ಲವಲ್ಲ ಅಪ್ಪ."

"ತೆರಿಗೆ ತಪ್ಪಿಸಿದ್ರೆ ನಷ್ಟ ಯಾರಿಗೇಂತ ನನಗೆ ಗೊತ್ತಿಲ್ಲ ಕಣೇ," ಎಂದಳು ಹೆಂಡತಿ. "ಇದನ್ನ ತಪ್ಪಿಸಿದ್ರೆ ನಷ್ಟ ಯಾರಿಗೆ ಗೊತ್ತಾ? ಅಲ್ಲಿ ಪಾತ್ರೆ ಉಜ್ತಿದಾಳೆ ನೋಡು, ನಿನ್ನ ಅತ್ತೆ. ಎಡಗೈಯಲ್ಲಿ."

ಮಗಳು ಆ ಕಡೆ ನೋಡಿದಳು. ಅತ್ತೆ ಪಾತ್ರೆಯನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡು ಉಜ್ಜುತ್ತಿದ್ದಳು. ದಿನಾ ಕಣ್ಣೆದುರಿಗಿದ್ದದ್ದೇ. ಮಗಳು ಬ್ರೆಡ್ ತಟ್ಟೆಯಲ್ಲಿಟ್ಟಳು.

"ಓಹೋ, ಅಲ್ಲಿಗೆ ಬಂತಾ," ಎಂದ ಯಜಮಾನ. "ಅವಳು ನಿನ್ನ ಕಿವಿ ಊದಿದ್ದಾಳೆ. ಉಂಡ ಮನೆಗೆ ಎರಡು ಬಗೆಯೋದು ಅಂದ್ರೆ ಇದೇ."

"ಅವಳು ಏನೂ ಕೇಳಿಲ್ಲ. ಕೇಳಿದ್ರೆ ಚೆನ್ನಾಗಿರ್ತಿತ್ತು."

"ನಾನು ಹಾಕೋ ಊಟ ಲೆಕ್ಕಕ್ಕಿಲ್ವಾ ಹಾಗಾದ್ರೆ?"

ಉತ್ತರ ಬಂದದ್ದು ಮುದುಕಿಯ ಕೋಣೆಯಿಂದ. "ದುಡಿಸಿಕೊಂಡು ಹಾಕೋ ಊಟ ಕೂಲಿ ಕಣೋ, ಅದೂ ಅರ್ಧ ಕೂಲಿ. ಕೂಲಿ ಕೊಟ್ಟು ಝಕಾತ್ ಕೊಟ್ಟೆ ಅಂತ ಮಸೀದಿಯಲ್ಲಿ ಕೂತು ಹೇಳಿದೀಯಲ್ಲ, ನಿನಗೆ ನಾಲಿಗೆ ಹೇಗೆ ಬಂತು? ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಅವಳ ಹಕ್ಕು ಕೊಡದೆ, ನನ್ನ ಹತ್ರ ಆಶೀರ್ವಾದ ಬೇರೆ ತಗೊಂಡೆ."

ಯಜಮಾನ ಚಹಾ ಬಿಟ್ಟು ಎದ್ದು ಹೋದ.

ಮುಂದಿನ ಹತ್ತು ದಿನ ಆ ಮನೆಯಲ್ಲಿ ಬಾಗಿಲುಗಳು ಮಾತಾಡಿದವು. ಯಜಮಾನ ಹೊರಗೆ ಊಟ ಮಾಡಿ ಬರತೊಡಗಿದ. ಮನೆಖರ್ಚಿಗೆ ವಾರವಾರ ಕೊಡುತ್ತಿದ್ದ ಹಣ ನಿಲ್ಲಿಸಿದ. ಪಾಸ್‌ಬುಕ್ಕು ಹೆಂಡತಿಯ ಬಳಿಯಿದ್ದರೂ ಅವಳು ಅದರಿಂದ ಒಂದು ಕಾಸೂ ತೆಗೆಯಲಿಲ್ಲ. ಗಂಡನಿಗೆ ತಿಳಿಯದಂತೆ ತೆಗೆಯುವುದೂ ಬೇಡ, ಅವನೇ ಒಪ್ಪಲಿ, ಮೊದಲು ಪಾಲು, ಆಮೇಲೆ ಬೇರೆ ಮಾತು ಎಂದು ಹಟ ಹಿಡಿದಳು. ಮೊಟ್ಟೆ ಹೋಯಿತು, ಹಾಲು ಅರ್ಧವಾಯಿತು, ಬೇಳೆಗೆ ನೀರು ಹೆಚ್ಚಾಯಿತು. ಮಗಳು ಲಾಂಡ್ರಿಯ ಬಿಲ್ಲು ಬರೆಯುವುದನ್ನು ನಿಲ್ಲಿಸಿ, ಪರೀಕ್ಷೆ ಎಂದು ಸುಳ್ಳು ಹೇಳಿದಳು.

ತಂಗಿಗೆ ಇದು ತಡೆಯಲಾಗಲಿಲ್ಲ. "ಬಿಟ್ಟುಬಿಡಿ ಅತ್ತಿಗೆ," ಎಂದಳು ಒಂದು ದಿನ, ಬಟ್ಟೆಗೆ ಗುರುತಿನ ಚೀಟಿ ಹೊಲಿಯುತ್ತ ಕೂತಿದ್ದಾಗ. "ನನ್ನಿಂದ ನಿಮ್ಮ ಸಂಸಾರ ಕೆಡೋದು ಬೇಡ. ಎಡಗೈಯಲ್ಲೇ ರೂಢಿ ಆಗಿದೆ."

ಹೆಂಡತಿಗೆ ಸಿಟ್ಟು ನೆತ್ತಿಗೇರಿತು. "ನಿನಗೆ ದಯೆ ತೋರಿಸ್ತಿದೀನಿ ಅಂದುಕೊಂಡ್ಯಾ? ಇದು ನನ್ನ ಮೇಲಿರೋ ಹೊರೆ. ಹನ್ನೆರಡು ವರ್ಷ ನಾನೂ ರುಜು ಹಾಕಿದೀನಿ. ನೀನು ಬೇಡ ಅಂದ್ರೆ ಹೊರೆ ಇಳಿಯಲ್ಲ. ಬೇಡ ಅನ್ನೋ ದೊಡ್ಡಸ್ತಿಕೆ ನಿನಗೆ ಯಾಕೆ? ಬೇಕು ಅನ್ನೋದು ಕಲಿ."

ತಂಗಿ ಸೂಜಿಯನ್ನು ಕೆಳಗಿಟ್ಟು ಅತ್ತಳು. ಹೆಂಡತಿ ಸಮಾಧಾನ ಮಾಡಲಿಲ್ಲ. ಚೀಟಿಗಳ ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡು ಹೊಲಿಯತೊಡಗಿದಳು.

ಕೊನೆಗೆ ಯಜಮಾನನೇ ಮೌಲ್ವಿಗಳನ್ನು ಮನೆಗೆ ಕರೆದ. ಹೆಂಗಸರಿಗೆ ಧರ್ಮ ತಿಳಿಯದು, ತಿಳಿದವರು ಬಂದು ಒಂದು ಮಾತು ಹೇಳಿದರೆ ಬಾಯಿ ಮುಚ್ಚುತ್ತಾರೆ ಎಂಬುದು ಅವನ ಲೆಕ್ಕ. ಜೊತೆಗೆ ಕಮಿಟಿಯ ಇಬ್ಬರು ಹಿರಿಯರೂ ಬಂದರು. ಮೌಲ್ವಿಗಳು ಇನ್ನೂ ನಲವತ್ತು ದಾಟದವರು, ಮೆತ್ತಗೆ ಮಾತಾಡುವವರು. ಮುಂದಿನ ಕೋಣೆಯಲ್ಲಿ ಕೂತು, ಚಹಾ ಕುಡಿದು, ದಾನಪತ್ರವನ್ನು ಎರಡು ಸಲ ಓದಿದರು. ಹೆಂಗಸರೆಲ್ಲ ಒಳಬಾಗಿಲ ಬಳಿ ಕೂತಿದ್ದರು.

"ಬಹಳ ಗಟ್ಟಿಯಾಗಿ ಬರೆಸಿದೀರಿ," ಎಂದರು.

"ನನ್ನ ಕೆಲಸ ಯಾವತ್ತೂ ಹಾಗೇ," ಎಂದ ಯಜಮಾನ.

"ಹಾಗಾದ್ರೆ ಒಂದೇ ಪ್ರಶ್ನೆ. ಈ ದಾನ ನಿಜವಾದ ದಾನವಾ, ತೋರಿಕೆಗೆ ಮಾಡಿದ್ದಾ?"

"ಅಂದ್ರೆ?"

"ತೋರಿಕೆಗಾದ್ರೆ ಹಣ ನಿಮ್ಮ ಕೈ ಬಿಟ್ಟು ಹೋಗೇ ಇಲ್ಲ. ಹನ್ನೆರಡು ವರ್ಷವೂ ನಿಮ್ಮದೇ. ಆಗ ಅಷ್ಟೂ ವರ್ಷದ ಝಕಾತ್ ನಿಮ್ಮ ಮೇಲಿದೆ. ನಿಜವಾದ ದಾನವಾದ್ರೆ ಹಣ ನಿಮ್ಮ ಹೆಂಡತಿಯದು. ಈ ವರ್ಷದ ಪಾಲು ಅವರ ಮೇಲಿದೆ. ಆದ್ರೆ ನಾವು ಅನುಸರಿಸೋ ಪದ್ಧತಿಯಲ್ಲಿ, ಗಂಡ ಹೆಂಡತಿಗೆ ಕೊಟ್ಟು ಕೈಸೇರಿಸಿದ್ದನ್ನ ವಾಪಸ್ ಕೇಳೋ ಹಾಗಿಲ್ಲ. ಅವರಾಗಿ ಕೊಟ್ರೆ ಉಂಟು, ಇಲ್ಲದಿದ್ರೆ ಇಲ್ಲ. ಯಾವುದು ಅಂತ ನೀವೇ ಹೇಳಿ. ಮನಸ್ಸಲ್ಲಿದ್ದದ್ದು ನಿಮಗೆ ಗೊತ್ತು."

ಯಜಮಾನನ ಬಾಯಿಗೆ ಬಿಸಿತುಪ್ಪ ಬಿದ್ದಿತ್ತು. ಒಳಬಾಗಿಲಿನಿಂದ ಮಗಳು ಹೇಳಿದಳು: "ಹನ್ನೆರಡು ವರ್ಷದ್ದು ಐದೂವರೆ ಲಕ್ಷ ದಾಟುತ್ತೆ ಅಪ್ಪ. ನಾನು ಲೆಕ್ಕ ಹಾಕಿದೀನಿ."

ಅವನು ಹಿರಿಯರಿಬ್ಬರ ಮುಖ ನೋಡಿದ. ನಾಟಕ ಎಂದರೆ ಐದೂವರೆ ಲಕ್ಷ ಹೋಯಿತು, ಖಜಾಂಚಿಗಿರಿ ಹೋಯಿತು, ಇವರ ಮುಂದೆ ಮುಖ ಹೋಯಿತು. ದಾನ ಎಂದರೆ ಹೆಚ್ಚೆಂದರೆ ತೊಂಬತ್ತು ಸಾವಿರ. ಉಳಿದದ್ದನ್ನು ಹೆಂಡತಿ ನಾಳೆಯೇ ತಂದುಕೊಡುತ್ತಾಳೆ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಮಾರುಕಟ್ಟೆಯ ಚಿಲ್ಲರೆಯನ್ನೂ ಇಟ್ಟುಕೊಳ್ಳದವಳು ಇವಳು.

"ದಾನವೇ," ಎಂದ ಅವನು, ಕತ್ತು ನೆಟ್ಟಗೆ ಮಾಡಿ. "ಮನಃಪೂರ್ವಕವಾಗಿ ಕೊಟ್ಟದ್ದು. ನನ್ನ ಹೆಂಡತಿಗೆ ನಾನು ನಾಟಕ ಯಾಕೆ ಮಾಡ್ಲಿ?"

ಹಿರಿಯರು ತಲೆದೂಗಿದರು. ಮೌಲ್ವಿಗಳು ಒಳಬಾಗಿಲ ಕಡೆ ತಿರುಗಿ, "ಕೇಳಿಸ್ತಲ್ಲ ತಾಯಿ?" ಎಂದರು.

"ಕೇಳಿಸ್ತು," ಎಂದಳು ಹೆಂಡತಿ. "ಈ ವರ್ಷದ ಪಾಲು ನಾಳೆ ತೆಗೀತೀನಿ."

"ತೆಗಿ, ತೆಗಿ," ಎಂದ ಯಜಮಾನ ಉದಾರವಾಗಿ. "ಉಳಿದದ್ದು ಸೋಮವಾರ ನನ್ನ ಹೆಸರಿಗೆ ಮಾಡಿಬಿಡೋಣ."

"ಉಳಿದದ್ದಕ್ಕೂ ಮುಂದಿನ ವರ್ಷ ಇದೇ ದಿನ ತೆಗೀತೀನಿ."

ಮೌಲ್ವಿಗಳು ದಾನಪತ್ರವನ್ನು ನಾಲ್ಕು ಮಡಿಕೆ ಮಾಡಿ, ಯಜಮಾನನ ಕೈಗಲ್ಲ, ಒಳಬಾಗಿಲ ಕಡೆ ಚಾಚಿದರು. ಮುದುಕಿ ಅದನ್ನು ಇಸಿದುಕೊಂಡು ಸೊಸೆಯ ಮಡಿಲಿಗೆ ಹಾಕಿದಳು.

ಅವರು ಹೊರಟ ಮೇಲೆ ಯಜಮಾನ ಕೂಗಾಡಿದ, ಒಂದು ಕುರ್ಚಿ ಮುರಿದ, ಕೋರ್ಟಿಗೆ ಹೋಗುತ್ತೇನೆಂದ. ಯಾವ ಕೋರ್ಟು? ತಾನೇ ಕೂತು ಬರೆಸಿದ ಕಾಗದ, ತಾನೇ ಆರಿಸಿದ ಸಾಕ್ಷಿಗಳು. ಇಷ್ಟು ಬಿಗಿಯಾದ ಗಂಟನ್ನು ಬೇರೆ ಯಾರೂ ಅವನಿಗೆ ಹಾಕಲು ಸಾಧ್ಯವಿರಲಿಲ್ಲ.

ಮಾರನೇ ದಿನ ಹೆಂಡತಿ ತಾನೇ ಬ್ಯಾಂಕಿಗೆ ಹೋಗಿ, ಹೊಸದಾಗಿ ರುಜು ಕೊಟ್ಟು, ತೊಂಬತ್ತು ಸಾವಿರ ತಂದಳು. ಇಪ್ಪತ್ತು ಸಾವಿರವನ್ನು ಲಾಂಡ್ರಿಯಲ್ಲಿ ಮೊದಲು ಬಾಯ್ಲರ್ ನೋಡಿಕೊಳ್ಳುತ್ತಿದ್ದು ಕೆಲವು ವರ್ಷದ ಹಿಂದೆ ತೀರಿಕೊಂಡ ಕೆಲಸಗಾರನ ಹೆಂಡತಿಗೆ ಕೊಟ್ಟು ಬಂದಳು. ಎಪ್ಪತ್ತು ಸಾವಿರವನ್ನು ನಾದಿನಿಯ ಕೈಯಲ್ಲಿಟ್ಟಳು. ಇದು ನಿನ್ನದು, ಇನ್ನು ಇದನ್ನು ಏನು ಮಾಡಿದೆ ಎಂದು ಕೇಳುವ ಅಧಿಕಾರ ನನಗೂ ಇಲ್ಲ ಎಂದಳು. ತಂಗಿ ಈ ಸಲ ಬೇಡ ಎನ್ನಲಿಲ್ಲ.

ಸಂಜೆ ಅಣ್ಣ ಅವಳ ಕೋಣೆಯ ಬಾಗಿಲಿಗೆ ಬಂದು ನಿಂತ. "ದುಡ್ಡು ಬಂತಲ್ಲ. ಇನ್ನು ನೀನು ಬಡವಿಯಲ್ಲ. ಆರು ವರ್ಷದ ಊಟದ ಲೆಕ್ಕ ಮಾಡೋಣ್ವಾ?" ಎಂದ. ಒಡಹುಟ್ಟಿದವನ ಬಾಯಲ್ಲಿ ಬಂದ ಮಾತಿದು. ತಂಗಿ ಬಾಗಿಲು ಹಾಕಿಕೊಂಡಳು.

ಆಪರೇಷನ್ ಆಯಿತು. ಮೂರು ವಾರ ಕಳೆದು ಬ್ಯಾಂಡೇಜು ಬಿಚ್ಚುವ ದಿನ ಹೆಂಡತಿ, ಮಗಳು ಇಬ್ಬರೂ ಜೊತೆಗೆ ಹೋಗಿದ್ದರು. ಡಾಕ್ಟರು ಒಂದೊಂದೇ ಬೆರಳನ್ನು ಹಿಡಿದು ಬಗ್ಗಿಸಿ ನೋಡಿದರು. ಹೆಬ್ಬೆರಳು, ತೋರುಬೆರಳು, ನಡುಬೆರಳು ಬಿಚ್ಚಿಕೊಂಡವು. ಉಳಿದೆರಡು ಅಲುಗಲಿಲ್ಲ.

"ಕೀಲು ಕೂತುಬಿಟ್ಟಿದೆ," ಎಂದರು ಡಾಕ್ಟರು. "ಹೋದ ವರ್ಷವೇ ಬಂದಿದ್ರೆ ಐದೂ ಬರ್ತಿತ್ತು. ಯಾಕೆ ತಡ ಮಾಡಿದ್ರಿ?"

ಹೋದ ವರ್ಷ ಆ ದುಡ್ಡು ಬ್ಯಾಂಕಿನಲ್ಲಿ ಒಂದು ಹೆಸರಿನಿಂದ ಇನ್ನೊಂದು ಹೆಸರಿಗೆ ಹೋಗುತ್ತಿತ್ತು. ಎರಡು ಬೆರಳು ಹೋದದ್ದು ಅಲ್ಲಿ.

ಮನೆಗೆ ಬಂದಾಗ ಯಜಮಾನ ಅಂಗಳದಲ್ಲಿ ಬಟ್ಟೆಯ ಮೂಟೆಗಳ ನಡುವೆ ನಿಂತಿದ್ದ. ಹೊಸ ಹೋಟೆಲಿನ ಕೆಲಸ ಶುರುವಾಗಿತ್ತು. ಉರುಳೆ ಯಂತ್ರಕ್ಕೆ ಇಟ್ಟಿದ್ದ ಇಬ್ಬರು ಆಳುಗಳು ಹದಿನೈದು ದಿನದಲ್ಲಿ ಬಿಟ್ಟು ಹೋಗಿದ್ದರು. ತಂಗಿಯ ಕೈಯನ್ನು ದೂರದಿಂದಲೇ ನೋಡಿ, "ಮೂರು ಬೆರಳು ಬಂತಾ? ಹಾಸು ಹಿಡಿಯೋಕೆ ಸಾಕು. ಸೋಮವಾರದಿಂದ ಬಾ," ಎಂದ.

ಹೆಂಡತಿ ಬಾಯಿ ತೆರೆದಳು. ಅಷ್ಟರಲ್ಲಿ ತಂಗಿ ಅವಳ ಮುಂದೆ ಬಂದು ನಿಂತಿದ್ದಳು.

"ಬರ್ತೀನಿ," ಎಂದಳು. "ಯಂತ್ರಕ್ಕೆ ತಡೆಪಟ್ಟಿ ವಾಪಸ್ ಹಾಕಿಸು. ಮತ್ತೆ ಸಂಬಳ ಎಷ್ಟು, ಹೇಳು."

ಯಜಮಾನ ಹೆಂಡತಿಯ ಕಡೆ ನೋಡಿದ.

"ನನ್ನ ಮುಖ ಯಾಕೆ ನೋಡ್ತೀರಿ?" ಎಂದಳು ಅವಳು. "ಕೇಳಿದ್ದು ನಿಮ್ಮ ತಂಗಿ."

ಅವನು ತಾಯಿ ಕೂತಿದ್ದ ಕಡೆ ನೋಡಿದ. ಮುದುಕಿ ಕಿವಿಗೊಟ್ಟು ಕಾಯುತ್ತಿದ್ದಳು. ಅವನು ನೆಲ ನೋಡಿಕೊಂಡು ಒಂದು ಮೊತ್ತ ಹೇಳಿದ. ಬಿಟ್ಟು ಹೋದ ಆಳುಗಳಿಗೆ ಕೊಡುತ್ತಿದ್ದದ್ದರ ಅರ್ಧ.

"ಸಾಲದು," ಎಂದಳು ತಂಗಿ, ಮತ್ತು ಅವನು ಇನ್ನೊಂದು ಹೇಳುವವರೆಗೂ ಅಲ್ಲೇ ನಿಂತಳು.